ಅಣಬೆ ಪುಡಿಯನ್ನು ಅಸ್ತಮಾ ಮದ್ದೆಂದು ಮಾರಬೇಡಿ

ಚಿಪ್ಪಣಬೆ ಬೆಳೆದು ಮಾರುವವಳು ನಾನು. ಚಿಕ್ಕಂದಿನಿಂದ ಉಬ್ಬಸವೂ ಇದೆ. ಹಾಗಾಗಿ ‘ಅಣಬೆ ಪುಡಿ ತಿಂದರೆ ದಮ್ಮು ವಾಸಿಯಾಗುತ್ತಂತೆ, ಇದೆಯೇನಮ್ಮ?’ ಎಂದು ಗಿರಾಕಿಗಳು ಕೇಳಿದರೆ ಸುಮ್ಮನೆ ಇಲ್ಲವೆಂದು ಕಳಿಸಲು ಮನಸ್ಸಾಗುವುದಿಲ್ಲ. ಮೊಬೈಲ್ ತೆರೆದರೆ ಸಾಕು, ‘ಇಮ್ಯೂನಿಟಿ ಹೆಚ್ಚಿಸುವ’ ಗ್ಯಾನೋಡರ್ಮಾ, ಕಾರ್ಡಿಸೆಪ್ಸ್ ಅಣಬೆಗಳ ಡಬ್ಬಿಗಳು. ಅಸ್ತಮಾದವರ ಮಟ್ಟಿಗೆ ಆ ಮಾತೇ ತಲೆಕೆಳಗು.

ಅಲರ್ಜಿಯ ಅಸ್ತಮಾ ರೋಗನಿರೋಧಕ ಶಕ್ತಿ ಕುಂದಿ ಬರುವುದಲ್ಲ. ಪಾರ್ಥೇನಿಯಂ ಪರಾಗವನ್ನೋ ಹಾಸಿಗೆ ದೂಳಿನ ನುಸಿಯನ್ನೋ ವೈರಿಯೆಂದು ಬಗೆದು ಆ ಶಕ್ತಿ ಕೆರಳಿದಾಗ ಬರುವುದು. ಟಿಎಚ್-2 ಎಂಬ ಬಿಳಿರಕ್ತಕಣಗಳು ಐಎಲ್-4, ಐಎಲ್-5, ಐಎಲ್-13 ಎಂಬ ರಾಸಾಯನಿಕ ಸಂದೇಶಗಳನ್ನು ಕಳಿಸುತ್ತವೆ. ಐಜಿಇ ಪ್ರತಿಕಾಯ ಏರುತ್ತದೆ, ಇಯೊಸಿನೊಫಿಲ್ ಕಣಗಳು ಶ್ವಾಸನಾಳವನ್ನು ಮುತ್ತುತ್ತವೆ, ಕಫ ಕಟ್ಟುತ್ತದೆ. ಇನ್‌ಹೇಲರ್‌ನ ಸ್ಟಿರಾಯ್ಡ್ ತಣಿಸುವುದು ಈ ಉರಿಯೂತವನ್ನೇ.

ಅಣಬೆಗೂ ರೋಗನಿರೋಧಕ ಶಕ್ತಿಗೂ ನಂಟಿರುವುದು ನಿಜ. ಅಣಬೆಯ ಕೋಶಭಿತ್ತಿಯಲ್ಲಿ ಬೀಟಾ-ಗ್ಲೂಕಾನ್ ಎಂಬ ಸಕ್ಕರೆಸರಪಳಿ ಇದೆ. ನಮ್ಮ ರಕ್ಷಕ ಕಣಗಳ ಮೇಲಿರುವ ಡೆಕ್ಟಿನ್-1 ಎಂಬ ಗ್ರಾಹಕ ಅದನ್ನು ಗುರುತಿಸುತ್ತದೆ ಎಂಬುದನ್ನು ಆಕ್ಸ್‌ಫರ್ಡ್‌ನ ಗಾರ್ಡನ್ ಬ್ರೌನ್ ಮತ್ತು ಸಿಯಾಮನ್ ಗಾರ್ಡನ್ 2001ರಲ್ಲಿ ತೋರಿಸಿದರು. ಆದರೆ ಗುರುತಿಸಿದ ಕಣ ಕೆರಳುವುದೋ ತಣಿಯುವುದೋ ಎಂಬುದು ಯಾವ ಅಣಬೆ, ಎಷ್ಟು ಪ್ರಮಾಣ, ಯಾವ ದಾರಿಯಲ್ಲಿ ದೇಹ ಸೇರಿತು ಎಂಬುದರ ಮೇಲಿದೆ. ಉಸಿರಿನ ದಾರಿ ಅಪಾಯದ್ದು, ಅದಕ್ಕೇ ಟೋಪಿಯ ಅಂಚು ಮೇಲಕ್ಕೆ ಮಡಚಿಕೊಳ್ಳುವ ಮೊದಲೇ ನಾನು ಅಣಬೆ ಕೀಳುತ್ತೇನೆ, ಮುಖಗವಸು ಇಲ್ಲದೆ ಬೆಳೆಮನೆಗೆ ಕಾಲಿಡುವುದಿಲ್ಲ. ಉದುರುವ ಬೀಜಕಣಗಳು ಉಸಿರಿನೊಂದಿಗೆ ಒಳಹೋಗಿ ಬೆಳೆಗಾರರ ಶ್ವಾಸಕೋಶವನ್ನೇ ಕೆಡಿಸಬಲ್ಲವು.

ಮನುಷ್ಯರ ಮೇಲಿನ ಪರೀಕ್ಷೆಗಳೂ ನಡೆದಿವೆ. ಚೀನಾದಲ್ಲಿ 91 ಅಸ್ತಮಾ ರೋಗಿಗಳಿಗೆ ನಾಲ್ಕು ವಾರ ಒಂದು ಗಿಡಮೂಲಿಕೆ ಔಷಧವನ್ನೋ ಪ್ರೆಡ್ನಿಸೊಲೋನ್ ಬಗೆಯ ಸ್ಟಿರಾಯ್ಡನ್ನೋ ಕೊಟ್ಟು ನೋಡಿದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಎರಡು ಗುಂಪಿನವರ ಉಸಿರಾಟವೂ ಸುಧಾರಿಸಿತು. ಆದರೆ ಆ ಔಷಧದಲ್ಲಿ ಗ್ಯಾನೋಡರ್ಮಾದ ಜೊತೆ ಜ್ಯೇಷ್ಠಮಧುವಿನ ಜಾತಿಯ ಬೇರೂ ಇನ್ನೊಂದು ಬೇರೂ ಇದ್ದವು. ಅದರ ಗುಣವನ್ನೆಲ್ಲ ಅಣಬೆಯ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ನಾರ್ವೆಯಲ್ಲಿ ಬರ್ಚ್ ಪರಾಗದ ಅಲರ್ಜಿ ಇದ್ದ 60 ಮಂದಿ ಅಗಾರಿಕಸ್ ಅಣಬೆಯ ಸಾರವನ್ನೋ ಹುಸಿಮದ್ದನ್ನೋ ಏಳು ವಾರ ಕುಡಿದರು. ಸಾರ ಕುಡಿದವರಲ್ಲಿ ಅಲರ್ಜಿಯ ತೊಂದರೆ ತಗ್ಗಿತು. ಆಸೆ ಹುಟ್ಟಿಸುವ ಫಲಿತಾಂಶ, ಆದರೆ ಇಷ್ಟು ಸಣ್ಣ ಗುಂಪನ್ನು ನಂಬಿ ಯಾರೂ ಮದ್ದು ಬದಲಿಸಬಾರದು.

ಅದಕ್ಕೇ ನನ್ನ ಒತ್ತಾಯ ಇಷ್ಟು. ಅಸ್ತಮಾ ವಾಸಿಯಾಗುತ್ತದೆ ಎಂದು ಪುಡಿ ಮಾರುವವರ ಮೇಲೆ ಕ್ರಮ ಆಗಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬಲ್ಲ ವಿಜ್ಞಾನಿಗಳಿದ್ದಾರೆ. ಅವರೂ ನಮ್ಮ ವೈದ್ಯಕೀಯ ಕಾಲೇಜುಗಳೂ ಸೇರಿ ಇಲ್ಲಿನ ಅಣಬೆಗಳನ್ನು ಸರಿಯಾಗಿ ಪರೀಕ್ಷಿಸಲಿ. ಬ್ಯುಡೆಸೊನೈಡ್ ಎಂಬ ಸ್ಟಿರಾಯ್ಡಿನ ಇನ್‌ಹೇಲರ್ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ತಪ್ಪದೆ ಸಿಗಬೇಕು. ಬೆಳೆಗಾರರಾದ ನಾವು ಅಣಬೆಯನ್ನು ಊಟಕ್ಕೆಂದು ಮಾರೋಣ, ಸಾರಿಗೂ ಪಲ್ಯಕ್ಕೂ ಅದು ಸೊಗಸು. ಕೊಳ್ಳುವವರು ದಮ್ಮಿನ ಮಾತೆತ್ತಿದರೆ, ಡಾಕ್ಟರು ಹೇಳದೆ ಇನ್‌ಹೇಲರ್ ನಿಲ್ಲಿಸಬೇಡಿ ಎಂದು ಕಾಸು ಎಣಿಸಿಕೊಳ್ಳುವ ಮೊದಲೇ ಹೇಳೋಣ.