ಕರಿಬೇವಿನ ಹುಳಕ್ಕೆ ಔಷಧಿ ಬೇಡ

ಸಿಹಿಗುಂಬಳದ ಬಳ್ಳಿ ತುಂಬಾ ಹೂ, ಆದರೆ ಹೀಚು ಹಳದಿಯಾಗಿ ಉದುರಿಹೋಗುತ್ತೆ ಅನ್ನೋದು ಎಷ್ಟೋ ಗೃಹಿಣಿಯರ ದೂರು. ಗೊಬ್ಬರ ಸಾಲದೇನೋ ಎಂದು ಮತ್ತಷ್ಟು ಸುರಿಯುತ್ತೇವೆ. ಬಹಳ ಸಲ ಕೊರತೆ ಇರುವುದು ಜೇನುಹುಳದ್ದು. ಕುಂಬಳದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಮುದುಡುವ ಹೂವಿಗೆ ಪರಾಗ ತಂದುಕೊಡುವವರು ಬೇಕಲ್ಲ?

ನಾವೋ, ಚೆಂದಕ್ಕೆಂದು ಕುಂಡಗಳ ತುಂಬಾ ಕ್ರೋಟನ್ ಇಡುತ್ತೇವೆ. ಜೊತೆಗೆ ನಮ್ಮ ನೆಲದ ತುಳಸಿ, ತುಂಬೆಗೂ ಜಾಗ ಕೊಡಿ. ತುಳಸಿಯ ಕದಿರನ್ನೆಲ್ಲ ಚಿವುಟದೆ ಒಂದು ಗಿಡದ್ದಾದರೂ ಬಿಡಿ, ಪುಟ್ಟ ಕೋಲುಜೇನು ಹುಡುಕಿಕೊಂಡು ಬರುತ್ತೆ. ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥ ಹುಳ ಕಂಡರೆ ಔಷಧಿ ಹೊಡೆಯಬೇಡಿ. ಅದು ಚಿಟ್ಟೆಯ ಮರಿ. ನಾಲ್ಕು ಎಲೆ ತಿಂದರೆ ತಿನ್ನಲಿ, ಒಗ್ಗರಣೆಗೆ ಮಿಕ್ಕಿದ್ದು ಸಾಕು. ಔಷಧಿ ಹೊಡೆದ ಸೊಪ್ಪನ್ನು ಸಾರಿಗೆ ಹಾಕುವವರೂ ನಾವೇ ತಾನೇ!

ಅಪಾರ್ಟ್‌ಮೆಂಟಿನ ಸಭೆಯಲ್ಲಿ, ಹೊಂಗೆ ಹೂ ಉದುರಿ ಕಸವಾಗುತ್ತೆ, ಮರ ಕಡಿಸೋಣ ಎಂಬ ಮಾತು ಬಂದರೆ ಸುಮ್ಮನೆ ಕೂರಬೇಡಿ. ಯುಗಾದಿ ಹೊತ್ತಿಗೆ ಹೂಬಿಟ್ಟ ಹೊಂಗೆ ಕೆಳಗೆ ಅವರನ್ನೂ ಕರೆದು ನಿಲ್ಲಿಸಿ, ಮರವೇ ಗುಂಯ್‌ಗುಡುತ್ತಿರುತ್ತೆ.

ಜೇನು ಬರುವ ತನಕ, ಬೆಳಿಗ್ಗೆ 8ರೊಳಗೆ ಕುಂಬಳದ ಗಂಡು ಹೂ ಕಿತ್ತು, ದಳ ಬಿಡಿಸಿ, ಬುಡದಲ್ಲಿ ಹೀಚಿರುವ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ.