ಹೋರಿಗೆ ಕೊಡೋ ತಾಳ್ಮೆ ಹುಡುಗನಿಗೂ ಕೊಡಿ



ರಾಗಿ ಕೊಯ್ಲು ಮುಗೀತಾ ಬಂತು. ಮೆದೆ ಹಾಕೋರು ಹಾಕ್ತಿದ್ದಾರೆ, ಮಿಷಿನ್ ಬಿಟ್ಟು ಕೊಯ್ಸಿದೋರಿಗೆ ಕಾಳು ಆಗಲೇ ಮನೆ ಸೇರಿದೆ. ಕೊಬ್ಬರಿ ಮಾರಿದ ದುಡ್ಡೂ ಒಂದಿಷ್ಟು ಕೈಗೆ ಬಂದಿದೆ. ಹಾಗಾಗಿ ನಮ್ಮ ಸುತ್ತಿನ ಊರುಗಳಿಗೆ ಹೊಸ ಬೈಕುಗಳು ಬರ್ತಾ ಇವೆ. ನಮ್ಮೂರಿಗೇ ಈ ತಿಂಗಳು ನಾಲ್ಕು ಬಂದವು. ನಾಲ್ಕನ್ನೂ ಓಡಿಸೋದು ಹದಿನೆಂಟು, ಇಪ್ಪತ್ತು ವಯಸ್ಸಿನ ಹುಡುಗರು. ಬರಲಿ, ಸಂತೋಷ. ಡೇರಿಗೆ ಹಾಲು ಹಾಕೋಕೆ, ತೋಟಕ್ಕೆ ನೀರು ಕಟ್ಟೋಕೆ, ಪೇಟೆಯಿಂದ ಗೊಬ್ಬರ ತರೋಕೆ ಗಾಡಿ ಇಲ್ದೆ ಈಗ ಒಕ್ಕಲುತನ ನಡೆಯಲ್ಲ. ಗಾಡಿ ಕೊಡಿಸಬೇಡಿ ಅಂತ ಹೇಳೋಕೆ ನಾನು ಇದನ್ನ ಬರೀತಾ ಇಲ್ಲ.

ನಾನು ಹೇಳೋದು ಒಂದೇ ಮಾತು. ಒಂದು ಹೋರಿಕರು ಪಳಗಿಸೋಕೆ ನಾವು ಕೊಡೋ ತಾಳ್ಮೇಲಿ ಕಾಲು ಭಾಗವನ್ನೂ ಗಾಡಿ ಕಲಿಯೋ ಮಗನಿಗೆ ಕೊಡ್ತಾ ಇಲ್ಲ.

ಹೋರಿ ಹೆಂಗೆ ಪಳಗಿಸ್ತೀವಿ ನೆನಪು ಮಾಡ್ಕೊಳ್ಳಿ. ಮೊದಲು ಮೂಗುದಾರ. ಆಮೇಲೆ ಸುಮ್ನೆ ಹಗ್ಗ ಹಿಡಿದು ನಾಲ್ಕು ದಿನ ತಿರುಗಾಡಿಸ್ತೀವಿ. ಆಮೇಲೆ ಕೊರಡು ಎಳೆಸ್ತೀವಿ. ಅದಾದ ಮೇಲೆ ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ತೀವಿ, ಅದೂ ಬರೀ ಹೊಲದಲ್ಲಿ. ಖಾಲಿ ಗಾಡಿ ಕಟ್ಟೋದು ಅದರ ನಂತರ. ಹೇರು ತುಂಬಿದ ಗಾಡಿ ಕಟ್ಟಿ ರಸ್ತೆಗೆ ಬಿಡೋದು ಎಲ್ಲಕ್ಕಿಂತ ಕೊನೆಗೆ. ಮೊದಲನೇ ದಿನವೇ ಹೇರು ಕಟ್ಟಿ ರಸ್ತೆಗೆ ಇಳಿಸಿದ್ರೆ ಊರೋರು ನಮಗೆ ಬುದ್ಧಿ ಕೆಟ್ಟಿದೆ ಅಂತಾರೆ.

ಅದೇ ಹುಡುಗನಿಗೆ ಏನು ಮಾಡ್ತೀವಿ? ಶೋರೂಮಿಂದ ಗಾಡಿ ತಂದು, ದೇವಸ್ಥಾನದ ಮುಂದೆ ನಿಲ್ಲಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿ, ಕೀ ಕೊಡ್ತೀವಿ. ಅವನು ಗೇರು, ಕ್ಲಚ್ಚು ಯಾರದೋ ಗಾಡೀಲಿ ಕಲಿತಿರ್ತಾನೆ. ಗಾಡಿ ಮುಂದೆ ಹೋದ್ರೆ ಸಾಕು, ಕಲಿತ ಅಂತ ಲೆಕ್ಕ. ಮುಂದಕ್ಕೆ ಓಡಿಸೋದು ಅರ್ಧ ದಿನದ ವಿದ್ಯೆ. ನಿಲ್ಲಿಸೋದು ಕಲಿಯೋಕೆ ತಿಂಗಳು ಬೇಕು. ಅದನ್ನ ಯಾರೂ ಕಲಿಸ್ತಾ ಇಲ್ಲ.

ಲೆಕ್ಕ ನೋಡಿ. ಕೇಂದ್ರ ಸಾರಿಗೆ ಇಲಾಖೆ ಕೊಟ್ಟಿರೋ 2022ರ ವರದಿ ಪ್ರಕಾರ ಆ ಒಂದೇ ವರ್ಷ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದೋರು. ಹೆಲ್ಮೆಟ್ ಹಾಕದೆ ಸತ್ತವರೇ 50 ಸಾವಿರ. ಇವೆಲ್ಲ ಪೇಟೆ ಲೆಕ್ಕ ಅಂದ್ಕೋಬೇಡಿ. ನಮ್ಮ ರಸ್ತೆಗಳೂ ಅದರಲ್ಲಿ ಸೇರಿವೆ.

ಕಾನೂನು ಏನು ಹೇಳುತ್ತೆ? ಗೇರ್ ಬೈಕಿಗೆ 18 ತುಂಬಿರಬೇಕು. ಮೊದಲು ಎಲ್‌ಎಲ್‌ಆರ್. ಅದು 6 ತಿಂಗಳು ನಡೆಯುತ್ತೆ. ಎಲ್‌ಎಲ್‌ಆರ್ ಆಗಿ 30 ದಿನ ಕಳೆದ ಮೇಲೇ ಡಿಎಲ್‌ಗೆ ಹೋಗಬೇಕು. ಈ 30 ದಿನನ ನಾವು ಸುಮ್ನೆ ಕಾಯೋ ದಿನ ಅಂದ್ಕೊಂಡಿದ್ದೀವಿ. ಅಲ್ಲ ಸ್ವಾಮಿ, ಅದು ಪಳಗಿಸೋ ದಿನ. ಅದನ್ನ ಹಂಗೇ ಬಳಸಿದ್ರೆ ಎಷ್ಟೋ ಮನೆ ದೀಪ ಆರಲ್ಲ. ನನ್ನ ಪ್ರಕಾರ ಆ 30 ದಿನ ಹೀಗೆ ನಡೀಬೇಕು.

ಮೊದಲ ವಾರ ಬರೀ ಮೈದಾನ. ಕಟಾವಾದ ಹೊಲವೋ, ಸ್ಕೂಲ್ ಗ್ರೌಂಡೋ ಸಾಕು. ಅಲ್ಲಿ ಬ್ರೇಕ್ ಒಂದನ್ನೇ ಕಲಿಸಿ. ನಮ್ಮ ಕಡೆ ಒಂದು ಮಾತಿದೆ, ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ ಅಂತ. ಅದಕ್ಕೇ ಅರ್ಧ ಜನ ಮುಂದಿನ ಬ್ರೇಕ್ ಮುಟ್ಟೋದೇ ಇಲ್ಲ. ಆದ್ರೆ ಬ್ರೇಕ್ ಹಾಕಿದ ತಕ್ಷಣ ಭಾರ ಎಲ್ಲ ಮುಂದಕ್ಕೆ ಬರುತ್ತೆ, ಹಿಂದಿನ ಚಕ್ರ ಹಗುರ ಆಗುತ್ತೆ. ಹಿಂದಿನದನ್ನ ಮಾತ್ರ ತುಳಿದ್ರೆ ಚಕ್ರ ತಿರುಗೋದು ನಿಂತು ಜಾರುತ್ತೆ, ಗಾಡಿ ಮಾತ್ರ ನಿಲ್ಲಲ್ಲ. ಹ್ಯಾಂಡಲ್ ನೆಟ್ಟಗಿಟ್ಟು ಎರಡೂ ಬ್ರೇಕನ್ನ ಒಟ್ಟಿಗೆ, ಹಾಲು ಕರೆಯುವಾಗ ಕೆಚ್ಚಲು ಹಿಂಡಿದಂಗೆ ಮೆಲ್ಲಗೆ ಶುರು ಮಾಡಿ ಗಟ್ಟಿ ಹಿಡೀಬೇಕು. ಒಮ್ಮೆಗೇ ಎಳೀಬಾರದು. ಮರಳು, ಜಲ್ಲಿ ಮೇಲೆ, ತಿರುವಿನಲ್ಲಿ ಹ್ಯಾಂಡಲ್ ವಾಲಿದಾಗ ಮುಂದಿನದನ್ನ ಜೋರಾಗಿ ಹಿಡೀಬಾರದು. ಅಲ್ಲಿಗೆ ಮುಟ್ಟೋ ಮೊದಲೇ ವೇಗ ಇಳಿಸಿರಬೇಕು. 2019ರ ಏಪ್ರಿಲ್‌ನಿಂದ 125 ಸಿಸಿ ವರೆಗಿನ ಗಾಡಿಗೆ ಸಿಬಿಎಸ್ ಇಲ್ಲಾ ಎಬಿಎಸ್, ಅದಕ್ಕೂ ದೊಡ್ಡದಕ್ಕೆ ಎಬಿಎಸ್ ಕಡ್ಡಾಯ ಮಾಡಿದ್ರು. ಸಿಬಿಎಸ್ ಅಂದ್ರೆ ಹಿಂದಿನ ಬ್ರೇಕ್ ಹಾಕಿದ್ರೆ ಮುಂದಿನದೂ ಸ್ವಲ್ಪ ಹಿಡಿಯುತ್ತೆ. ಎಬಿಎಸ್ ಅಂದ್ರೆ ಚಕ್ರ ಜಾಮ್ ಆಗದಂಗೆ ನೋಡ್ಕೊಳುತ್ತೆ. ನಿಮ್ಮ ಗಾಡೀಲಿ ಯಾವುದಿದೆ, ಹಿಡಿದಾಗ ಹೆಂಗಿರುತ್ತೆ ಅಂತ ಹುಡುಗನಿಗೆ ಮೈದಾನದಲ್ಲೇ ಗೊತ್ತಾಗಬೇಕು.

ಎರಡನೇ ವಾರ ಊರ ರಸ್ತೆ, ಎಲ್ ಬೋರ್ಡ್ ಹಾಕ್ಕೊಂಡು. ಇದು ಪಳಗಿದ ಎತ್ತಿನ ಜೊತೆ ಕಟ್ಟೋ ಕಾಲ. ಡಿಎಲ್ ಇರೋ ಅನುಭವಸ್ಥರು ಹಿಂದೆ ಕೂತಿರಬೇಕು. ಎಲ್‌ಎಲ್‌ಆರ್ ಇರೋನು ಕಲಿಸೋರನ್ನ ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸೋ ಹಂಗಿಲ್ಲ, ಅದೂ ನಿಯಮವೇ. ಗೆಳೆಯರನ್ನ ತ್ರಿಬಲ್ ಕೂರಿಸ್ಕೊಂಡು ಹೋಗೋದಂತೂ ಡಿಎಲ್ ಇದ್ರೂ ತಪ್ಪು. ಈ ವಾರ ಕನ್ನಡಿ ನೋಡೋದು, ಇಂಡಿಕೇಟರ್ ಹಾಕಿ ಆಮೇಲೆ ಅದನ್ನ ಆರಿಸೋದು, ಅಡ್ಡರಸ್ತೆ ಬಂದಾಗ ಎಕ್ಸಲೇಟರ್ ಬಿಡೋದು, ದನ, ಕುರಿಮಂದೆ ಕಂಡ್ರೆ ಹಾರ್ನ್ ಹೊಡೀದೆ ನಿಧಾನ ಮಾಡೋದು ಕಲೀಲಿ.

ಮೂರನೇ ವಾರ ಹೈವೇ, ಹಗಲು ಹೊತ್ತು ಮಾತ್ರ. ಒಂದು ಲೆಕ್ಕ ಅವನ ತಲೇಲಿ ಕೂರಿಸಿ. 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹೆಚ್ಚೂಕಮ್ಮಿ 55 ಅಡಿ ಹೋಗುತ್ತೆ. ಎದುರಿಗೆ ನಾಯಿ ಬಂದದ್ದು ಕಂಡು, ಕೈ ಬ್ರೇಕಿಗೆ ಹೋಗೋದ್ರಲ್ಲೇ ಒಂದು ಸೆಕೆಂಡು ಕಳೆದಿರುತ್ತೆ. ಅಂದ್ರೆ ಎರಡು ತೆಂಗಿನ ಮರದ ನಡುವಿನ ಅಂತರಕ್ಕಿಂತ ಎರಡು ಪಟ್ಟು ದಾಟಿದ ಮೇಲೆ ಬ್ರೇಕ್ ಶುರು ಆಗುತ್ತೆ. ವೇಗ ಎರಡು ಪಟ್ಟಾದ್ರೆ ಬ್ರೇಕ್ ಹಿಡಿದ ಮೇಲೆ ನಿಲ್ಲೋ ದೂರ ನಾಲ್ಕು ಪಟ್ಟಾಗುತ್ತೆ. ಲಾರಿ, ಬಸ್ಸಿನ ಹಿಂದೆ ಅಂಟ್ಕೊಂಡು ಹೋಗಬಾರದು ಅನ್ನೋದು ಇದಕ್ಕೇ.

ನಾಲ್ಕನೇ ವಾರ ನಮ್ಮ ಕಸುಬಿನ ಪಾಠ. ಅದನ್ನ ಯಾವ ಡ್ರೈವಿಂಗ್ ಸ್ಕೂಲಲ್ಲೂ ಹೇಳಿಕೊಡಲ್ಲ. ಎರಡು ಕಡೆ ಹಾಲಿನ ಕ್ಯಾನ್ ಕಟ್ಟಿದ್ರೆ ತೂಕ ಸಮ ಇರಬೇಕು, ಅರ್ಧ ತುಂಬಿದ ಕ್ಯಾನಿನ ಹಾಲು ತುಳುಕಾಡಿ ಗಾಡಿ ವಾಲಿಸುತ್ತೆ. ಯೂರಿಯಾ ಚೀಲ 45 ಕೆಜಿ, ಅದನ್ನ ಹಿಂದೆ ಕಟ್ಟಿದಾಗ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲ್ಲಾಡುತ್ತೆ. ಹುಲ್ಲಿನ ಹೊರೆ ಅಡ್ಡ ಕಟ್ಟಿದ್ರೆ ಹಿಂದಿನಿಂದ ಬರೋನಿಗೆ ನಮ್ಮ ಲೈಟೂ ಕಾಣಲ್ಲ, ಇಂಡಿಕೇಟರೂ ಕಾಣಲ್ಲ. ಪೈಪು, ಗುದ್ದಲಿ ಉದ್ದಕ್ಕೆ ಚಾಚಿಕೊಂಡು ಹೋಗೋದು ಇನ್ನೊಬ್ಬರ ಕಣ್ಣಿಗೆ ಅಪಾಯ. ಅಮ್ಮನನ್ನೋ ಅಕ್ಕನನ್ನೋ ಹಿಂದೆ ಕೂರಿಸಿದಾಗ ಸೆರಗು ಚಕ್ರಕ್ಕೆ ಸಿಗದಂಗೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರಾ ಅಂತ ನೋಡಿಯೇ ಹೊರಡಬೇಕು. ಸ್ಯಾರಿ ಗಾರ್ಡ್ ಬಿಚ್ಚಿ ಎಸೆಯೋ ಫ್ಯಾಷನ್ ಬೇಡ.

ಇನ್ನು ಹೆಲ್ಮೆಟ್. ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕೂರೋರಿಗೂ ಕಡ್ಡಾಯ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರೋದೇ ತಪ್ಪು. ಆದ್ರೂ ರಸ್ತೆ ಬದಿ ಟೋಪಿ ಥರದ್ದು ಸಿಗುತ್ತೆ, ನಾವೂ ಪೊಲೀಸರಿಗೆ ತೋರಿಸೋಕೆ ತಗೋತೀವಿ. ಲಕ್ಷದ ಗಾಡಿ ತಗೊಂಡು ತಲೆ ವಿಷಯದಲ್ಲಿ ಚೌಕಾಸಿ ಮಾಡ್ತೀವಲ್ಲ, ಅದು ಯಾವ ಲೆಕ್ಕ? ಹೊಸ ಗಾಡಿ ಜೊತೆ ಹೆಲ್ಮೆಟ್ ಕೊಡಬೇಕು ಅಂತ ನಿಯಮ ಇದೆ, ಕೇಳಿ ಪಡೀರಿ. ಇನ್ನೊಂದು ನೀವು ತಗೊಳ್ಳಿ. ಗದ್ದದ ಪಟ್ಟಿ ಹಾಕದಿದ್ರೆ ಬಿದ್ದಾಗ ಹೆಲ್ಮೆಟ್ ಒಂದು ಕಡೆ, ತಲೆ ಒಂದು ಕಡೆ. ಜೋರಾಗಿ ಏಟು ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡ್ರೂ ಒಳಗಿನ ಥರ್ಮಾಕೋಲ್ ಅಮುಕಿ ಹೋಗಿರುತ್ತೆ, ಬದಲಾಯಿಸಿ. ತೋಟ ಇಲ್ಲೇ ಇದೆ ಅಂತ ಮನೇಲಿ ಬಿಟ್ಟು ಹೋಗೋದೂ ಬೇಡ. ಊರ ಮುಂದಿನ ರಸ್ತೆಗೆ ಡಾಂಬರು ಬಿದ್ದ ಮೇಲೆ ಅಲ್ಲೂ ಹುಡುಗರು 80ರಲ್ಲಿ ಹೋಗ್ತಾರೆ.

ಗಾಡಿ ನೋಡ್ಕೊಳ್ಳೋ ವಿಷಯ. ಬೆಳಿಗ್ಗೆ ಕೊಟ್ಟಿಗೆಗೆ ಹೋದ ತಕ್ಷಣ ಹಸು ಮೇವು ತಿಂದಿದೆಯಾ, ಸಗಣಿ ಹೆಂಗೆ ಹಾಕಿದೆ ಅಂತ ನೋಡ್ತೀವಲ್ಲ, ಹಂಗೆ ಗಾಡೀನೂ ಎರಡು ನಿಮಿಷ ನೋಡಬೇಕು. ಟೈರ್ ಅಮುಕಿ ನೋಡಿ, ವಾರಕ್ಕೊಮ್ಮೆ ಗಾಳಿ ಚೆಕ್ ಮಾಡಿಸಿ. ಎಷ್ಟು ಗಾಳಿ ಅಂತ ಗಾಡಿ ಪುಸ್ತಕದಲ್ಲಿ ಇರುತ್ತೆ. ಒಬ್ಬರಿಗೆ ಬೇರೆ, ಇಬ್ಬರಿಗೆ ಬೇರೆ. ಟೈರ್ ಬಟನ್ ಸವೆದು ನುಣ್ಣಗಾದ್ರೆ ಮಳೇಲಿ ಬ್ರೇಕ್ ಎಷ್ಟು ಹೊಸದಾದ್ರೂ ಪ್ರಯೋಜನ ಇಲ್ಲ. ನಮ್ಮ ಮಣ್ಣು ರಸ್ತೆ ಧೂಳಿಗೆ ಚೈನ್ ಬೇಗ ಹಾಳಾಗುತ್ತೆ. ಸುಮಾರು 500 ಕಿಲೋಮೀಟರಿಗೊಮ್ಮೆ ಒರೆಸಿ ಎಣ್ಣೆ ಬಿಡಿ. ಚೈನ್ ಜೋಲು ಬಿದ್ದಿದ್ರೆ ಬಿಗಿ ಮಾಡಿಸಿ, ತೀರಾ ಬಿಗಿಯೂ ಬೇಡ. ಡ್ರಮ್ ಬ್ರೇಕಾದ್ರೆ ಪೆಡಲ್ ತೀರಾ ಕೆಳಗೆ ಹೋಗ್ತಿದ್ಯಾ ನೋಡಿ. ಡಿಸ್ಕ್ ಆದ್ರೆ ಬ್ರೇಕ್ ಆಯಿಲ್ ಮಟ್ಟ ನೋಡಿ. ಇಂಜಿನ್ ಆಯಿಲ್ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ ಬದಲಾಯಿಸಿ. ಹೆಡ್‌ಲೈಟ್, ಹಿಂದಿನ ಲೈಟಿಗೆ ಮೆತ್ತಿದ ಕೆಸರು ಒರೆಸಿ. ಸೈಡ್ ಸ್ಟ್ಯಾಂಡ್ ಮೇಲಕ್ಕೆ ಹೋಯ್ತಾ ನೋಡಿಯೇ ಹೊರಡಬೇಕು. ಇಷ್ಟನ್ನ ಅಪ್ಪ ಮಾಡಿಕೊಡಬಾರದು. ಗಾಡಿ ಓಡಿಸೋನೇ ಮಾಡಬೇಕು.

ಕಾಗದ ಪತ್ರದ್ದು ಎರಡು ಮಾತು. ಗಾಡಿ ಅಪ್ಪನ ಹೆಸರಲ್ಲಿ, ಓಡಿಸೋನು ಮಗ. ಇದು ನಮ್ಮಲ್ಲಿ ಮಾಮೂಲಿ. ಇನ್ಶೂರೆನ್ಸ್ ಜೊತೆ ಬರೋ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರೋದು ಡಿಎಲ್ ಇರೋ ಮಾಲೀಕನಿಗೆ. ಮಗ ಬಿದ್ರೆ ಅದು ಅವನಿಗೆ ಬರಲ್ಲ. ಅದಕ್ಕೆ ಓಡಿಸೋನ ಹೆಸರಿಗೇ ಗಾಡಿ ಮಾಡಿಸಿ, ಇಲ್ಲಾ ಅವನಿಗೆ ಬೇರೆ ಅಪಘಾತ ವಿಮೆ ಮಾಡಿಸಿ. ಇನ್ನು 18 ತುಂಬದೋರಿಗೆ ಗಾಡಿ ಕೊಟ್ರೆ 2019ರ ತಿದ್ದುಪಡಿ ಪ್ರಕಾರ ಅಪ್ಪನೋ ಮಾಲೀಕನೋ 25,000 ದಂಡ ಕಟ್ಟಬೇಕು, 3 ವರ್ಷದವರೆಗೆ ಜೈಲೂ ಆಗಬಹುದು. ಆ ಗಾಡಿ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬೋವರೆಗೂ ಲೈಸೆನ್ಸ್ ಇಲ್ಲ. ಪಿಯುಸಿ ಕಾಲೇಜಿಗೆ ಹೋಗೋ ಮಗನಿಗೆ ಬಸ್ ಪಾಸೇ ವಾಸಿ.

ಈಗ ಕಹಿ ಮಾತು. ಹುಡುಗರಿಗೆ ಇಷ್ಟೆಲ್ಲ ಹೇಳಿ, ರಸ್ತೇನ ನಾವೇ ಕಣ ಮಾಡ್ಕೊಂಡಿದ್ದೀವಿ. ರಾಗಿ, ಹುರುಳಿ ರಸ್ತೆ ಮೇಲೆ ಹರಡಿ, ಬಸ್ಸು ಲಾರಿ ಚಕ್ರದಲ್ಲಿ ಒಕ್ಕಿಸ್ತೀವಿ. ದೊಡ್ಡ ಗಾಡಿಗೆ ಅದು ಏನೂ ಅಲ್ಲ. ಬೈಕಿನ ಚಕ್ರಕ್ಕೆ ಹುರುಳಿ ಸೊಪ್ಪು, ಕಾಳು ಎರಡೂ ಎಣ್ಣೆ ಸುರಿದಂಗೆ. ಹೋದ ವರ್ಷ ಪಕ್ಕದ ಊರಿನ ಹತ್ತೊಂಬತ್ತು ವರ್ಷದ ಹುಡುಗ ಸಂಜೆ ಹೊತ್ತಲ್ಲಿ ಹಂಗೇ ಜಾರಿ ಬಿದ್ದ. ಹೆಲ್ಮೆಟ್ ಕನ್ನಡಿಗೆ ನೇತು ಹಾಕಿದ್ದ. ಜೀವ ಉಳೀತು, ಆದ್ರೆ ಇವತ್ತಿಗೂ ಸರಿಯಾಗಿ ಮಾತು ಬರ್ತಿಲ್ಲ. ಆಸ್ಪತ್ರೆ ಖರ್ಚಿಗೆ ಅವರು ಇಪ್ಪತ್ತು ಗುಂಟೆ ಮಾರಿದ್ರು. ಆ ಹುರುಳಿ ಯಾರದು ಅಂತ ಇಡೀ ಊರಿಗೆ ಗೊತ್ತು. ಯಾರೂ ಬಾಯಿ ಬಿಡಲಿಲ್ಲ, ಬೆಳಿಗ್ಗೆ ಹೊತ್ತಿಗೆ ರಸ್ತೆ ಗುಡಿಸಿ ಆಗಿತ್ತು.

ಕಣ ಮಾಡೋಕೆ ಆಳು ಸಿಗಲ್ಲ, ಜಾಗ ಇಲ್ಲ ಅಂತೀರಿ, ಒಪ್ತೀನಿ. ಟಾರ್ಪಾಲ್ ಹಾಸಿ ಹೊಲದಲ್ಲೇ ಟ್ರ್ಯಾಕ್ಟರ್ ಬಿಡಬಹುದು. ನಾಲ್ಕು ಜನ ಸೇರಿ ಒಕ್ಕಣೆ ಮಿಷಿನ್ ಬಾಡಿಗೆ ಹಿಡೀಬಹುದು. ಖರ್ಚು ಇದೆ, ಆದ್ರೆ ಇಪ್ಪತ್ತು ಗುಂಟೆಗಿಂತ ಕಮ್ಮಿ. ಟ್ರ್ಯಾಕ್ಟರ್ ಟ್ರೈಲರ್ ಇಟ್ಟಿರೋರು ಹಿಂದೆ ಕೆಂಪು ರೇಡಿಯಂ ಅಂಟಿಸಿ. ಕತ್ತಲಲ್ಲಿ ರಸ್ತೆ ಬದಿ ನಿಲ್ಲಿಸಿದ ಟ್ರೈಲರು ಬೈಕಿನೋನಿಗೆ ಹತ್ತಿರ ಬರೋವರೆಗೂ ಕಾಣಲ್ಲ. ಯಾರಾದ್ರೂ ಬಿದ್ದದ್ದು ಕಂಡ್ರೆ 108ಕ್ಕೆ ಫೋನ್ ಮಾಡಿ. ಕೇಸು ಮೈಮೇಲೆ ಬರುತ್ತೆ ಅಂತ ಹೆದರಬೇಡಿ. ಸಹಾಯ ಮಾಡಿದೋರಿಗೆ ಈಗ ಕಾನೂನಿನಲ್ಲೇ ರಕ್ಷಣೆ ಇದೆ.

ಕೆಲವರು ಕೇಳ್ತಾರೆ, ನಮ್ಮ ಕಾಲದಲ್ಲಿ ಯಾರಪ್ಪ ಕಲಿಸಿದ್ರು, ನಾವೇನು ಸತ್ವಾ ಅಂತ. ಆಗ ಊರಿಗೆ ಎರಡು ಗಾಡಿ, ರಸ್ತೆ ಮಣ್ಣಿಂದು, 40 ದಾಟೋಕೆ ಆಗ್ತಿರಲಿಲ್ಲ. ಈಗ ಮನೆಗೆ ಎರಡು ಗಾಡಿ, ಊರಿಂದ ಹೊರಟು ಹತ್ತು ನಿಮಿಷಕ್ಕೆ ಹೈವೇ. ರಸ್ತೆ ಬದಲಾಗಿದೆ, ಗಾಡಿ ಬದಲಾಗಿದೆ, ಕಲಿಸೋ ರೀತಿ ಮಾತ್ರ ಹಳೇದೇ ಉಳಿದಿದೆ.

ಒಂದು ಏರ್ಪಾಟು ಮಾಡಿದ್ದೀನಿ. ನಮ್ಮೂರ ಸ್ಕೂಲ್ ಗ್ರೌಂಡ್ ಭಾನುವಾರ ಖಾಲಿ ಇರುತ್ತೆ, ಮೇಷ್ಟ್ರು ಒಪ್ಪಿದ್ದಾರೆ. ಬರೋ ಭಾನುವಾರದಿಂದ ಡೇರಿಗೆ ಹಾಲು ಹಾಕಿದ ಮೇಲೆ, ಎಂಟು ಗಂಟೆಗೆ, ಹೊಸದಾಗಿ ಗಾಡಿ ತಗೊಂಡ ಹುಡುಗರು, ಹುಡುಗೀರು ಬರಲಿ. ಸುಣ್ಣದ ಗೆರೆ ಎಳೆದು ಬ್ರೇಕ್ ಹಾಕೋದು ಒಂದೇ ಪಾಠ. ಗಾಡಿ ಪುಸ್ತಕ, ಹೆಲ್ಮೆಟ್, ಎಲ್‌ಎಲ್‌ಆರ್ ತರಬೇಕು. ದುಡ್ಡು ಏನೂ ಇಲ್ಲ. ಅಪ್ಪಂದಿರೂ ಜೊತೇಲಿ ಬಂದ್ರೆ ಇನ್ನೂ ಒಳ್ಳೇದು, ಮುಂದಿನ ಬ್ರೇಕ್ ಮುಟ್ಟದೋರು ಅವರಲ್ಲೇ ಜಾಸ್ತಿ.