ಗೊತ್ತಿಲ್ಲದಿದ್ದರೆ ಕೇಳಬೇಕು



ಸಂಸತ್ತು ಕಾನೂನು ಮಾಡುತ್ತದೆ ಎಂದು ಸಮಾಜ ಪಾಠದಲ್ಲಿ ಓದಿದೆವು. ಸಂಸದರಲ್ಲಿ ವಕೀಲರು, ರೈತರು, ವ್ಯಾಪಾರಿಗಳು, ಸಿನಿಮಾ ನಟರು ಎಲ್ಲಾ ಇರುತ್ತಾರೆ. ಹಾಗಾದರೆ ವಿಜ್ಞಾನದ ವಿಷಯ ಬಂದಾಗ ಅವರು ಹೇಗೆ ತೀರ್ಮಾನ ಮಾಡ್ತಾರೆ? ನಾನು ಕೇಳಿದಾಗ ಮೇಷ್ಟ್ರು ಬಿಟಿ ಬದನೆಯ ಕಥೆ ಹೇಳಿದರು.

ನಾವೂ ಬದನೆ ಬೆಳೀತೀವಿ. ಕಾಯಿಕೊರಕ ಹುಳು ಬಿದ್ದರೆ ಅಪ್ಪ ಔಷಧಿ ಹೊಡೆದು ಹೊಡೆದು ತಲೆನೋವು ಅಂತ ಮಲಗುತ್ತಾರೆ. ಬಿಟಿ ಬದನೆಗೆ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ್ದಾರೆ. ಅದನ್ನು ತಿಂದ ಹುಳು ಸಾಯುತ್ತದೆ. ಒಳ್ಳೇದೇ ಅಲ್ವಾ ಅಂದೆ. ಅಜ್ಜಿ ಮಾತ್ರ, "ನಾನು ಕಟ್ಟಿಟ್ಟ ಬೀಜದ ಗತಿ ಏನು? ತಿಂದ ಮನುಷ್ಯನಿಗೆ ಏನೂ ಆಗಲ್ವಾ?" ಎಂದರು. ಎರಡು ಮಾತೂ ಸರಿ ಅನಿಸಿತು.

2009ರ ಅಕ್ಟೋಬರ್‌ನಲ್ಲಿ ಕೇಂದ್ರದ ತಜ್ಞರ ಸಮಿತಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಆಗಿನ ಪರಿಸರ ಮಂತ್ರಿ ಜೈರಾಮ್ ರಮೇಶ್ ಅವಸರ ಮಾಡಲಿಲ್ಲ. ಬೆಂಗಳೂರೂ ಸೇರಿ 7 ನಗರಗಳಲ್ಲಿ ಸಭೆ ಕರೆದು ವಿಜ್ಞಾನಿಗಳ, ರೈತರ ಮಾತು ಕೇಳಿದರು. 2010ರ ಫೆಬ್ರವರಿ 9ರಂದು ಸದ್ಯಕ್ಕೆ ಬೇಡ ಎಂದರು.

ಆಮೇಲೆ ದೇಶದ 6 ದೊಡ್ಡ ವಿಜ್ಞಾನ ಅಕಾಡೆಮಿಗಳು ವರದಿ ಕೊಟ್ಟವು. ಅದರಲ್ಲಿ ಕೆಲವು ಸಾಲುಗಳನ್ನು ಬೇರೆ ಲೇಖನದಿಂದ ಹಾಗೇ ಕಾಪಿ ಹೊಡೆದಿದ್ದರು! ಮತ್ತೆ ತಿದ್ದಿ ಬರೆಯಬೇಕಾಯಿತು. ನಾವು ಕಾಪಿ ಹೊಡೆದರೆ ಬೆಂಚಿನ ಮೇಲೆ ನಿಲ್ಲಿಸುತ್ತಾರೆ.

ಸಂಸತ್ತಿನ ಕೃಷಿ ಸ್ಥಾಯಿ ಸಮಿತಿಯೂ ವಿಚಾರಣೆ ಮಾಡಿತು. ಬೇರೆ ಬೇರೆ ಪಕ್ಷದ ಸಂಸದರು ಅಧಿಕಾರಿಗಳನ್ನು, ವಿಜ್ಞಾನಿಗಳನ್ನು ಕರೆದು ಪ್ರಶ್ನೆ ಕೇಳಿದರು. ವಿದರ್ಭಕ್ಕೆ ಹೋಗಿ ಹತ್ತಿ ಬೆಳೆಯುವ ರೈತರನ್ನೂ ಮಾತಾಡಿಸಿದರು. ಹೊಲದಲ್ಲಿ ಇಂಥ ಬೆಳೆಗಳ ಪರೀಕ್ಷೆ ನಿಲ್ಲಿಸಿ ಎಂದು 2012ರ ಆಗಸ್ಟ್‌ನಲ್ಲಿ ವರದಿ ಕೊಟ್ಟರು. ಅತ್ತ ಬಾಂಗ್ಲಾದೇಶದ ರೈತರು 2014ರಲ್ಲಿ ಬಿಟಿ ಬದನೆ ಬೆಳೆಯಲು ಶುರು ಮಾಡಿದರು. ಯಾರು ಸರಿ ಎಂದು ಹೇಳುವಷ್ಟು ದೊಡ್ಡವಳು ನಾನಲ್ಲ.

ನನ್ನ ಅಭಿಪ್ರಾಯ ಇಷ್ಟೇ. ತಜ್ಞರು ಹೇಳಿದ್ದಕ್ಕೆಲ್ಲಾ ಕೋಲೆ ಬಸವನ ಹಾಗೆ ತಲೆ ಆಡಿಸಬಾರದು. ತಜ್ಞರೇ ಬೇಡ ಅನ್ನಲೂಬಾರದು. ಬೀಜ ಮಾರುವವರನ್ನು ಮಾತ್ರ ಕೇಳಿದರೆ ಸಾಲದು. ಅದರಿಂದ ಲಾಭವಿಲ್ಲದ ವಿಜ್ಞಾನಿಯನ್ನೂ, ಔಷಧಿ ಹೊಡೆಯುವ ಅಪ್ಪನನ್ನೂ, ಬೀಜ ಕಟ್ಟಿಡುವ ಅಜ್ಜಿಯನ್ನೂ ಕೇಳಬೇಕು. ಆಮೇಲೆ ಸಂಸದರು ಸ್ವಂತ ಬುದ್ಧಿಯಿಂದ ತೀರ್ಮಾನ ಮಾಡಬೇಕು.

ನಮ್ಮ ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಕಿಸಕ್ಕನೆ ನಗುವವರಿದ್ದಾರೆ. ಸಂಸದರೇ ಕೇಳಿ ಕಲಿಯುವಾಗ ನಮಗೇಕೆ ನಾಚಿಕೆ?

– 7ನೇ ತರಗತಿಯ ವಿದ್ಯಾರ್ಥಿನಿ